ಹಡಗಿನ ಮಾಮ ಮತ್ತು ಅವರ ಜನರಲ್

ಕಳೆದ ವಾರ ಬೈಕಂಪಾಡಿಯಲ್ಲಿ ನಮ್ಮ ಬಸ್ಸು ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡು ನಿಂತಿತ್ತು. ರಸ್ತೆ ಪಕ್ಕದ ಶೆಡ್ಡಿನಲ್ಲಿ ಯಾರೋ ಫೈಬರ್ ದೋಣಿಯೊಂದನ್ನು ಕವುಚಿ ಹಾಕಿ ತೇಪೆ ಹಚ್ಚುತ್ತಿದ್ದರು. ಕಿಟಕಿಯಿಂದ ರೆಸಿನ್ ಅಂಟಿನ ವಾಸನೆ ಒಳಗೆ ಬಂತು. ಮೂಗಿಗೆ ಹತ್ತಿ ಹಣೆಯ ನಡುವೆ ಹೋಗಿ ಕೂರುವ ವಾಸನೆ ಅದು. ಪಕ್ಕದಲ್ಲಿದ್ದವಳು ಶಾಲಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಮುಚ್ಚಿಕೊಳ್ಳಬೇಕೆನಿಸಲಿಲ್ಲ. ಅದೇ ವಾಸನೆಯನ್ನು ಅಂಗಿಯಲ್ಲಿ ಹೊತ್ತುಕೊಂಡು ಸಂಜೆ ಹೊತ್ತು ನಮ್ಮ ಜಗಲಿಗೆ ಬರುತ್ತಿದ್ದ ಒಬ್ಬರಿದ್ದರು...

ಕಡಲಿನಿಂದ ದೂರ, ಶಕ್ತಿನಗರದ ಗುಡ್ಡದ ಮೇಲೆ ನಮ್ಮ ಮನೆಯ ಬೇಲಿಯಾಚೆ ಅವರ ಮನೆ. ನಾವು ಅವರನ್ನು ಹಡಗಿನ ಮಾಮ ಎಂದೇ ಕರೆಯುತ್ತಿದ್ದದ್ದು. ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿ, ಪ್ರಾಯದಲ್ಲಿ ಸರಕಿನ ಹಡಗು ಹತ್ತಿ, ಎಂಜಿನ್ ಕೋಣೆಯ ಫಿಟ್ಟರ್ ಆಗಿ ಲೋಕವೆಲ್ಲ ಸುತ್ತಿ ಬಂದವರು. ಊರಿಗೆ ಮರಳಿದ ಮೇಲೆ ದೋಣಿ ರಿಪೇರಿಗೆ ಕೂತರು. ಕಡಲ ತಡಿಯಲ್ಲೇ ಮನೆ ಕಟ್ಟಬಹುದಿತ್ತು, ಮಾಮಿ ಒಪ್ಪಲಿಲ್ಲ. ಮಾಮಿಯ ತಂದೆಯನ್ನೂ ಒಬ್ಬ ತಮ್ಮನನ್ನೂ ಕಡಲು ತೆಗೆದುಕೊಂಡಿತ್ತು. ಅಲೆಯ ಸದ್ದು ಕಿವಿಗೆ ಬೀಳದ ಕಡೆ ಮನೆ ಮಾಡಿದರೆ ಮಾತ್ರ ಬರುತ್ತೇನೆ ಎಂದಿದ್ದರಂತೆ. ಮಕ್ಕಳಿರಲಿಲ್ಲ. ಮಾಮನ ತಂಗಿಯ ಮಗನನ್ನು, ಅಂದರೆ ಅಳಿಯನನ್ನು, ಸಣ್ಣವನಿರುವಾಗಲೇ ತಂದು ಸಾಕಿಕೊಂಡಿದ್ದರು.

ನನ್ನ ಅಪ್ಪ ದೇವಸ್ಥಾನದ ಪೂಜೆಯವರು. ನಾನು ಆಗಷ್ಟೇ ಡಿಗ್ರಿ ಮುಗಿಸಿ ಒಂದು ಆಫೀಸಿಗೆ ಸೇರಿದ್ದೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬರುತ್ತದೆಂದು ತಿಳಿದು ಮಾಮ ಒಂದು ಸಂಜೆ ಬೇಲಿ ದಾಟಿ ಬಂದರು. ಸರ್ಕಾರಕ್ಕೆ ಒಂದು ಮನವಿ ಬರೆಯಬೇಕಿತ್ತು. ದೊಡ್ಡ ಬೋಟುಗಳು ಜನರೇಟರ್ ಇಟ್ಟು ಕಡಲ ಮೇಲೆ ಕಣ್ಣು ಕುಕ್ಕುವ ದೀಪ ಹಾಕಿ, ಬೆಳಕಿಗೆ ಮುತ್ತಿದ ಮೀನನ್ನು ಮರಿಗಳ ಸಮೇತ ಬಾಚಿಕೊಂಡು ಹೋಗುತ್ತಿದ್ದವು. ಸಣ್ಣ ದೋಣಿಯವರ ಬಲೆಗೆ ಏನೂ ಉಳಿಯುತ್ತಿರಲಿಲ್ಲ. ಆದರೆ ಸಣ್ಣ ದೋಣಿಯವರೂ ಒಟ್ಟಿಗಿರಲಿಲ್ಲ. ಒಂದೊಂದು ತೀರಕ್ಕೆ ಅದರದೇ ಮೀನುಗಾರರ ಸಭೆ, ಒಂದು ತೀರದವರಿಗೆ ಇನ್ನೊಂದು ತೀರದವರ ಮೇಲೆ ಹಳೆಯ ಸಿಟ್ಟು. ಅವರನ್ನೆಲ್ಲ ಒಂದು ಮಾಡುತ್ತೇನೆಂದು ಮಾಮ ಹೊರಟಿದ್ದರು. ಹಳೆಯ ಸ್ಕೂಟರಿನ ಹಿಂದೆ ಅಳಿಯನನ್ನು ಕೂರಿಸಿಕೊಂಡು ತೀರದಿಂದ ತೀರಕ್ಕೆ ಹೋಗುತ್ತಿದ್ದರು.

ಮನವಿ ಬರೆಸುವಾಗ ಮಾತು ಎಲ್ಲೆಲ್ಲಿಗೋ ಹೋಗಿ ಕೊನೆಗೆ ಒಬ್ಬನ ಬಳಿ ನಿಲ್ಲುತ್ತಿತ್ತು. ‘ನಮ್ಮ ಜನರಲ್.’ ಅವನ ಹೆಸರನ್ನು ಮಾಮ ಒಮ್ಮೆಯೂ ಹೇಳಿದ್ದಿಲ್ಲ. ಮಾಮನ ಹಡಗು ಒಮ್ಮೆ ದಕ್ಷಿಣ ಅಮೆರಿಕದ ಒಂದು ಬಂದರಿನಲ್ಲಿ ಎಂಜಿನ್ ಕೆಟ್ಟು ವಾರಗಟ್ಟಲೆ ನಿಂತಿತ್ತಂತೆ. ಊರ ಹೊರಗೆ ಹಳದಿ ಗೋಡೆಯ ಒಂದು ತೋಟದ ಮನೆ. ಅಂಗಳದಲ್ಲಿ ಹುಣಸೆಮರಗಳು. ಹುಣಸೆ ಕಂಡು ಊರು ನೆನಪಾಗಿ ಒಳಗೆ ಹೋದವರಿಗೆ ಆ ಮನೆ ಕಾಯುವ ಮುದುಕ ಹರಕು ಇಂಗ್ಲಿಷಿನಲ್ಲಿ ಕತೆ ಹೇಳಿದ್ದ. ಇನ್ನೂರು ವರ್ಷಗಳ ಹಿಂದೆ ಆ ಸೀಮೆಯನ್ನೆಲ್ಲ ಸ್ಪೇನಿನ ರಾಜನ ಕೈಯಿಂದ ಬಿಡಿಸಿದವನ ಕತೆ. ಮಾಮ ದಿನಾ ಹೋಗಿ ಕೇಳಿದ್ದರು.

“ದೊಡ್ಡ ಮನೆತನದ ಹುಡುಗ,” ಎಂದು ಶುರು ಮಾಡುತ್ತಿದ್ದರು. “ಸಣ್ಣದಿರುವಾಗಲೇ ಅಪ್ಪ ಇಲ್ಲ, ಅಮ್ಮ ಇಲ್ಲ. ಮದುವೆ ಆಗಿ ವರ್ಷ ತುಂಬ್ಲಿಲ್ಲ, ಹೆಂಡತಿ ಜ್ವರದಲ್ಲಿ ಹೋದ್ಲು. ಅವಳು ಬದುಕಿದ್ದಿದ್ರೆ ಅವ ತೋಟ ನೋಡ್ಕೊಂಡು ಮನೆಯಲ್ಲೇ ಇರ್ತಿದ್ದ, ಗೊತ್ತುಂಟಾ?”

ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ಮಾಮಿ ಕೇಳಿಸಿಕೊಂಡು ಹೇಳುತ್ತಿದ್ದರು, “ಹೆಂಡತಿ ಬದುಕಿದ್ರೂ ಗಂಡಸರು ಮನೆಯಲ್ಲಿ ಇರುವುದಿಲ್ಲ ಮಾರಾಯ್ತಿ. ನನ್ನ ಹತ್ರ ಕೇಳು.”

ಮಾಮನಿಗೆ ಬಹಳ ಇಷ್ಟವಾದದ್ದು ಜನರಲ್ ಹಿಮದ ಬೆಟ್ಟ ದಾಟಿದ ಭಾಗ. ಸೆಕೆಯ ಬಯಲಿನ ದನಗಾಹಿಗಳು, ಕಾಲಿಗೆ ಚಪ್ಪಲಿ ಇಲ್ಲದವರು, ಚಳಿಯೆಂದರೆ ಏನೆಂದು ತಿಳಿಯದವರು. ಅವರನ್ನು ಕಟ್ಟಿಕೊಂಡು ಅವನು ಮಳೆಗಾಲದಲ್ಲಿ ಬೆಟ್ಟ ಹತ್ತಿದ. ಕುದುರೆಗಳೆಲ್ಲ ದಾರಿಯಲ್ಲೇ ಸತ್ತವು. ಎಷ್ಟೋ ಜನ ಕೂತಲ್ಲೇ ಹೆಪ್ಪುಗಟ್ಟಿದರು. ಆ ಕಡೆಯಿಂದ ಯಾರಾದರೂ ಬಂದಾರೆಂದು ಸ್ಪೇನಿನವರು ಕನಸಿನಲ್ಲೂ ಎಣಿಸಿರಲಿಲ್ಲ. ಇಳಿದು ಹೋಗಿ ಗೆದ್ದ. ಒಂದರ ಹಿಂದೆ ಒಂದು ದೇಶ ಬಿಡಿಸಿದ, ಒಂದು ದೇಶಕ್ಕೆ ಅವನ ಹೆಸರನ್ನೇ ಇಟ್ಟರು. ಮಾಮನ ಕತೆ ಯಾವಾಗಲೂ ಅಲ್ಲಿಗೇ ಮುಗಿಯುತ್ತಿತ್ತು. “ಬೇರೆ ಬೇರೆ ಊರಿನವರು, ಬೇರೆ ಬೇರೆ ಬಣ್ಣದವರು. ಎಲ್ಲರನ್ನೂ ಸೇರಿಸಿ ಒಂದೇ ದೊಡ್ಡ ದೇಶ ಮಾಡ್ಬೇಕು ಅಂತ ಅವನಿಗೆ ಆಸೆ,” ಎಂದು ಹೇಳಿ ಎದ್ದು ಹೋಗುತ್ತಿದ್ದರು.

ಮಾಮನೂ ಗೆದ್ದರು, ಒಂದು ಕಾಲಕ್ಕೆ. ತೀರಗಳ ಸಭೆಗಳೆಲ್ಲ ಸೇರಿ ಒಂದೇ ಸಂಘವಾಯಿತು. ಸಣ್ಣ ದೋಣಿಗಳೆಲ್ಲ ಒಂದೇ ದಿನ ಅಳಿವೆ ಬಾಗಿಲಿಗೆ, ನದಿ ಕಡಲಿಗೆ ಸೇರುವ ಆ ಕಿರಿದಾದ ದಾರಿಗೆ, ಅಡ್ಡ ನಿಂತವು. ಅಧಿಕಾರಿಗಳು ಬಂದರು, ದೊಡ್ಡ ಬೋಟಿನವರು ಮಾತುಕತೆಗೆ ಕೂತರು. ಆ ವರ್ಷ ಕಡಲಿನಲ್ಲಿ ದೀಪ ಉರಿಯಲಿಲ್ಲ. ಬಂಗುಡೆ ಮೀನು ತೀರದ ಹತ್ತಿರಕ್ಕೇ ಬಂತು. ಸಂಘದಲ್ಲಿ ಮಾಮ ಒಂದು ಮಾತು ಕಟ್ಟುನಿಟ್ಟು ಮಾಡಿದ್ದರು. ಯಾವ ತೀರದ ದೋಣಿ ಅಪಾಯದಲ್ಲಿದ್ದರೂ ಹತ್ತಿರ ಇರುವ ದೋಣಿ ಹೋಗಲೇಬೇಕು, ಯಾರದ್ದೆಂದು ಕೇಳಬಾರದು. ಅದನ್ನು ಟೈಪ್ ಮಾಡಿದವಳು ನಾನೇ. ಅಳಿಯ ಅದನ್ನು ಎಲ್ಲ ತೀರಗಳಲ್ಲೂ ಓದಿ ಹೇಳಿ ಬಂದ. ಓದುತ್ತಾ ಅವನ ಗಂಟಲು ಕಟ್ಟಿ ಹೋಗಿತ್ತು, ಮನೆಗೆ ಬಂದು ಸನ್ನೆಯಲ್ಲೇ ನೀರು ಕೇಳಿದ್ದ...

ಸಂಘ ಒಡೆಯಲು ದೊಡ್ಡ ಕಾರಣವೇನೂ ಬೇಕಾಗಲಿಲ್ಲ. ಅಧ್ಯಕ್ಷ ಯಾವ ತೀರದವನಾಗಬೇಕು, ಆಫೀಸು ಎಲ್ಲಿರಬೇಕು, ಮೆರವಣಿಗೆಯಲ್ಲಿ ಯಾರ ಬ್ಯಾನರ್ ಮುಂದೆ. ಮಾಮ ಅಧ್ಯಕ್ಷ ಸ್ಥಾನ ಬಿಡುತ್ತೇನೆಂದರು. ಬಿಟ್ಟ ಜಾಗಕ್ಕೆ ಇನ್ನೂ ಜೋರು ಜಗಳವಾಯಿತು. ಮಾಮ ದೊಡ್ಡ ಬೋಟಿನವರ ಜೊತೆ ಒಳಗಿಂದೊಳಗೆ ಸೇರಿದ್ದಾರೆಂದು ಯಾರೋ ಹಬ್ಬಿಸಿದರು. ಒಂದು ಸಭೆಯಲ್ಲಿ ಅವರನ್ನು ಮಾತಾಡಲು ಬಿಡಲಿಲ್ಲ. ಕುರ್ಚಿಯಿಂದ ಎದ್ದು ನಿಂತವರು ಹಾಗೇ ಹೊರಗೆ ಬಂದರಂತೆ. ಅಳಿಯನೊಬ್ಬನೇ ಜೊತೆಗೆ ಎದ್ದು ಬಂದ.

“ಬಿಡಿ ಮಾಮ, ಎರಡು ವರ್ಷ ಹೋಗ್ಲಿ. ಮೀನು ಸಿಗದೆ ಇದ್ರೆ ಅವರೇ ಬರ್ತಾರೆ,” ಎಂದು ಅವನು ನಮ್ಮ ಜಗಲಿಯಲ್ಲಿ ಕೂತು ಸಮಾಧಾನ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಮಾಮ ಅವನ ಮುಖ ನೋಡಿ, “ನೀನು ಇದ್ದೀಯಲ್ಲ,” ಎಂದಿದ್ದರು.

ಮಳೆಗಾಲದ ರಜೆ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ದಿನ ಅಳಿವೆ ಬಾಗಿಲಿನಲ್ಲಿ ಅಳಿಯ ಮೀನಿಗೆ ಹೋಗುತ್ತಿದ್ದ ದೋಣಿ ಮಗುಚಿತು. ಬೆಳಗ್ಗೆಯೇ, ಚೆನ್ನಾಗಿ ಬೆಳಕಿರುವಾಗ. ಸನಿಹದಲ್ಲೇ ಇನ್ನೊಂದು ತೀರದ ದೋಣಿಯಿತ್ತು, ಸಂಘ ಬಿಟ್ಟು ಹೋದವರದ್ದು. ವಯರ್‌ಲೆಸ್ಸಿನಲ್ಲಿ ಕೂಗಿದ್ದು ಅವರಿಗೆ ಕೇಳಿಸಿತ್ತು. ಹಿಂದೆ ಬರುವವರು ಅಳಿಯನದೇ ತೀರದವರು, ಅವರು ಹೋಗುತ್ತಾರೆ ಎಂದುಕೊಂಡರಂತೆ. ಹಿಂದಿನವರು ಬರುವಾಗ ಉಳಿದವರೆಲ್ಲ ಖಾಲಿ ಪ್ಲಾಸ್ಟಿಕ್ ಕ್ಯಾನು ಹಿಡಿದುಕೊಂಡು ತೇಲುತ್ತಿದ್ದರು, ಅಳಿಯ ಇರಲಿಲ್ಲ. ಮರುದಿನ ಅವನನ್ನು ಅಲೆಗಳೇ ದಡಕ್ಕೆ ತಂದು ಹಾಕಿದವು.

ಮಾಮಿ ಅಳಲಿಲ್ಲ. ಗುಡ್ಡದ ಮೇಲೆ ಮನೆ ಮಾಡಿದರೂ ಕಡಲು ಬಿಡಲಿಲ್ಲವಲ್ಲ ಎನ್ನುವ ಹಾಗೆ ಬಾಗಿಲಲ್ಲಿ ಕೂತಿದ್ದರು. ಆ ದೋಣಿಯವರು ಕ್ಷಮೆ ಕೇಳಲು ಬಂದಾಗ ಮಾಮ ಅವರನ್ನು ಬೈಯಲೂ ಇಲ್ಲ. “ದ್ವೇಷದಿಂದ ಬಿಟ್ಟಿದ್ರೆ ಜಗಳ ಆದ್ರೂ ಮಾಡ್ಬಹುದಿತ್ತು,” ಎಂದು ಆಮೇಲೆ ನನ್ನಲ್ಲಿ ಹೇಳಿದರು. “ಇವರು ಸುಮ್ಮನೆ ಕಾದದ್ದು.”

ಅಂದಿನಿಂದ ಅವರು ಕಡಲ ಕಡೆ ಹೋಗಲಿಲ್ಲ. ಕೆಮ್ಮು ಮೊದಲೇ ಇತ್ತು. ಎಂಜಿನ್ ಕೋಣೆಯ ಹೊಗೆ, ಆಮೇಲೆ ಫೈಬರ್ ಉಜ್ಜುವ ಧೂಳು... ಶ್ವಾಸಕೋಶ ಗಟ್ಟಿಯಾಗಿದೆ ಎಂದರು ಡಾಕ್ಟರು. ಆಕ್ಸಿಜನ್ ಸಿಲಿಂಡರ್ ಮನೆಗೇ ಬಂತು. ನಾನು ರಜೆಯಲ್ಲಿದ್ದ ಒಂದು ಮಧ್ಯಾಹ್ನ ನೋಡಲು ಹೋದಾಗ, ಕೇಳದೆಯೇ, ಅವರು ಜನರಲ್‌ನ ಉಳಿದ ಕತೆ ಹೇಳಿದರು. ಒಂದು ವಾಕ್ಯಕ್ಕೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾ.

ಅವನು ಒಂದು ಮಾಡಿದ ದೇಶ ಅವನ ಕಣ್ಣೆದುರೇ ಚೂರುಚೂರಾಯಿತು. ಅವನ ಜೊತೆ ಬೆಟ್ಟ ಹತ್ತಿದವರೇ ಒಬ್ಬೊಬ್ಬರು ಒಂದೊಂದು ಚೂರು ಹಿಡಿದುಕೊಂಡರು. ಕೊಲ್ಲಲು ಮನೆಗೇ ಬಂದರು. ಕಿಟಕಿಯಿಂದ ಹಾರಿ, ಸೇತುವೆಯ ಅಡಿಯಲ್ಲಿ ತಣ್ಣೀರಿನಲ್ಲಿ ಅಡಗಿ ಕೂತು ಉಳಿದ. ಶ್ವಾಸಕೋಶ ಆಗಲೇ ಕೆಟ್ಟಿತ್ತು. ಅಧಿಕಾರ ಬಿಟ್ಟು, ಬೇರೆ ಖಂಡಕ್ಕೆ ಹೋಗಿಬಿಡುತ್ತೇನೆಂದು ನದಿಯಲ್ಲಿ ದೋಣಿ ಹತ್ತಿ ಕಡಲ ಕಡೆ ಹೊರಟ. ಅವನು ಮಗನ ಹಾಗೆ ನೋಡಿಕೊಂಡಿದ್ದ, ತನ್ನ ನಂತರ ಇವನೇ ಎಂದುಕೊಂಡಿದ್ದ ಒಬ್ಬ ತರುಣ ದಳಪತಿ ಇದ್ದ. ಆ ತರುಣನನ್ನು ಕಾಡಿನ ದಾರಿಯಲ್ಲಿ ಗುಂಡಿಟ್ಟು ಕೊಂದರೆಂಬ ಸುದ್ದಿ ಕಡಲ ತಡಿಗೆ ಬಂದು ಮುಟ್ಟಿತು.

ಮಾಮ ಮೂಗಿನ ಆಕ್ಸಿಜನ್ ನಳಿಗೆಯನ್ನು ಸರಿ ಮಾಡಿಕೊಂಡರು.

“ಆಮೇಲೆ ಜನರಲ್ ಬದುಕಿದ್ದು ಕೆಲವೇ ತಿಂಗಳು. ಅವ ಹುಟ್ಟಿದ ಊರು ಅವನನ್ನು ಒಳಗೆ ಬಿಡುವುದಿಲ್ಲ ಅಂತ ಹೇಳಿತ್ತು. ಅವ ಸತ್ತ ಆ ಹಳದಿ ಮನೆ ಯಾರದ್ದು ಗೊತ್ತುಂಟಾ? ಒಬ್ಬ ಸ್ಪೇನಿನವನದ್ದು. ಜೀವಮಾನ ಇಡೀ ಯಾರ ಮೇಲೆ ಯುದ್ಧ ಮಾಡಿದನೋ ಅವರಲ್ಲೇ ಒಬ್ಬ ಸಾಯ್ಲಿಕ್ಕೆ ಜಾಗ ಕೊಟ್ಟದ್ದು. ಹೆಣಕ್ಕೆ ಹಾಕ್ಲಿಕ್ಕೆ ಹರಿಯದ ಅಂಗಿ ಇರ್ಲಿಲ್ಲ. ಬೇರೆಯವರದ್ದು ತಂದು ಹಾಕಿದ್ರಂತೆ.”

“ಆದ್ರೂ ಮಾಮ, ದೇಶಗಳೆಲ್ಲ ಸ್ವತಂತ್ರ ಆದವಲ್ಲ?” ಎಂದೆ. ಏನಾದರೂ ಹೇಳಬೇಕಿತ್ತು.

“ಆಯ್ತು. ಒಬ್ಬರಿಗೊಬ್ಬರು ಗುಂಡು ಹಾರಿಸ್ಲಿಕ್ಕೆ ಸ್ವತಂತ್ರ.” ಎಂದರು ಮಾಮ. “ನಾವು ಮಾಡಿದ್ದೆಲ್ಲ ಕಡಲಿಗೆ ನೇಗಿಲು ಹೂಡಿ ಉತ್ತ ಹಾಗೆ ಆಯ್ತು ಅಂತ ಕೊನೆಗೆ ಅವ ಹೇಳಿದನಂತೆ. ಮನೆ ಕಾಯುವ ಮುದುಕ ಇದನ್ನು ಹೇಳುವಾಗ ನಾನು ನಗಾಡಿದ್ದೆ. ಕಡಲು ಉಳುವವರು ನಾವೇ ಅಲ್ವಾ, ಅದರಲ್ಲಿ ಎಂತ ಬೇಜಾರು ಅಂತ ಕೇಳಿದ್ದೆ. ನನಗೆ ಆಗ ಇಪ್ಪತ್ತೈದು ಆಗಿರ್ಲಿಲ್ಲ.”

ಮುಂದಿನ ಮಳೆಗಾಲದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಅವರು ತೀರಿಹೋದರು. ಒಡೆದ ಸಂಘದ ಎರಡೂ ಕಡೆಯವರು ಮನೆಗೆ ಬಂದಿದ್ದರು. ಅಂಗಳದ ಆಚೆ ಈಚೆ ನಿಂತರು. ಎರಡು ಕಡೆಯವರೂ ಹೂವಿನ ಹಾರ ತಂದಿದ್ದರು, ಯಾರದ್ದು ಮೊದಲು ಎಂದು ಅಲ್ಲಿಯೂ ಮಾತು ಏರಿತು. ಮಾಮಿ ಒಳಗಿಂದ ಬಂದು ಮಾಮನ ಎದೆಯ ಮೇಲಿದ್ದ ಎರಡೂ ಹಾರ ತೆಗೆದು ಬದಿಗಿಟ್ಟರು. “ನೀವು ಹೋಗಿ,” ಎಂದರು, ಅಷ್ಟೇ. ಕೆಲವರು ಹೋದರು ಕೂಡ. ಬೂದಿಯನ್ನು ಅಳಿವೆ ಬಾಗಿಲಿನಲ್ಲಿ ಬಿಡಬೇಕೆಂದು ಮಾಮ ಹೇಳಿದ್ದರು. ಕಡಲ ಮುಖ ನೋಡದ ಮಾಮಿ ಅದಕ್ಕಾಗಿ ಒಮ್ಮೆ ದೋಣಿ ಹತ್ತಿದರು. ನನ್ನ ಕೈ ಹಿಡಿದುಕೊಂಡಿದ್ದರು, ಬೆರಳು ತಣ್ಣಗಿತ್ತು...

ಈಗ ನಾನು ಮದುವೆಯಾಗಿ ಕಾವೂರಿನಲ್ಲಿದ್ದೇನೆ. ಕಡಲಿನಲ್ಲಿ ಮತ್ತೆ ದೀಪಗಳು ಬಂದಿವೆ. ಕತ್ತಲಾದ ಮೇಲೆ ತೀರದಲ್ಲಿ ನಿಂತರೆ ದೂರದಲ್ಲಿ ಇನ್ನೊಂದು ಪೇಟೆ ಇದ್ದ ಹಾಗೆ ಕಾಣುತ್ತದೆ. ಸಂಘದ ಆಫೀಸಿದ್ದ ಕೋಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಮಾಮನ ಜೊತೆ ಅಳಿವೆಗೆ ಅಡ್ಡ ನಿಂತವರಲ್ಲಿ ಹಲವರು ಇವತ್ತು ಆ ದೀಪದ ಬೋಟುಗಳಲ್ಲೇ ಸಂಬಳಕ್ಕೆ ಹೋಗುತ್ತಾರೆ. ಅವರದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೊನ್ನೆ ಭಾನುವಾರ ಮಾಮಿಯನ್ನು ನೋಡಲು ಶಕ್ತಿನಗರಕ್ಕೆ ಹೋದೆ. ಜನರಲ್ ಬಗ್ಗೆ ಎಲ್ಲೋ ಓದಿದ್ದ ಒಂದು ವಿಷಯ ಹೇಳಬೇಕೆಂದಿತ್ತು. ಮಾಮ ಅದನ್ನು ಹೇಳಿರಲಿಲ್ಲ, ಅವರಿಗೆ ಗೊತ್ತಿರಲಿಲ್ಲವೋ ಏನೋ. ಮಾಮಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಜನರಲ್ ಸತ್ತು ವರ್ಷಗಳಾದ ಮೇಲೆ ಅವನನ್ನು ಒಳಗೆ ಬಿಡದ ಆ ಊರಿನವರೇ ಹಡಗು ಕಳಿಸಿ, ಅವನ ಎಲುಬುಗಳನ್ನು ಮರ್ಯಾದೆಯಿಂದ ತರಿಸಿಕೊಂಡರಂತೆ ಎಂದು ಹೇಳಿದೆ. ಈಗ ಅಲ್ಲಿ ಬೀದಿಬೀದಿಯಲ್ಲಿ ಅವನ ಪ್ರತಿಮೆ ಉಂಟಂತೆ ಎಂದೆ. ಮಾಮಿಗೆ ಸ್ವಲ್ಪ ಸಮಾಧಾನ ಆಗಬಹುದೆಂದು ನನ್ನ ಎಣಿಕೆ.

ಮಾಮಿ ಒಂದು ಬೀಡಿಗೆ ನೂಲು ಸುತ್ತಿ ಮುಗಿಸಿದರು.

“ಅವನನ್ನು ಮಣ್ಣು ಮಾಡಿದ್ರಲ್ವಾ,” ಎಂದರು. “ಹಾಗಾಗಿ ಮತ್ತೆ ತರ್ಲಿಕ್ಕೆ ಎಂತಾದ್ರೂ ಇತ್ತು. ನಮ್ಮವರನ್ನು ನಾವು ನೀರಿಗೆ ಬಿಟ್ಟದ್ದು.”

ಮತ್ತೆ ಮೊರದಿಂದ ಇನ್ನೊಂದು ಎಲೆ ತೆಗೆದುಕೊಂಡರು.