ಬರೆದವನು ಬಾಯಿ ಬಿಡಬಾರದು

ನನ್ನ ಹಾಸಿಗೆ ಅಂಗಡಿಯ ಮಾಳಿಗೆಯಲ್ಲಿ ಮೇಷ್ಟ್ರು ಭಾನುವಾರ ಕಥೆ ಬರೆಯುವುದನ್ನು ಕಲಿಸುತ್ತಾರೆ. ಕೆಳಗೆ ನಾನು ಜನರನ್ನು ಮಲಗಿಸುತ್ತೇನೆ, ಮೇಲೆ ಅವರು ಎಬ್ಬಿಸಬೇಕು. ಎಷ್ಟೋ ಸಲ ಅವರೂ ಮಲಗಿಸಿಬಿಡುವುದುಂಟು.

ಅಲ್ಲಿ ಒಂದೇ ಕಟ್ಟುನಿಟ್ಟು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕು, ಬರೆದವನು ಬಾಯಿ ಬಿಡಬಾರದು. "ನೀವು ಸತ್ಮೇಲೆ ಪುಸ್ತಕದ ಪಕ್ಕ ನಿಂತು ಅರ್ಥ ಹೇಳೋಕಾಗುತ್ತಾ? ಈಗ್ಲೇ ಸುಮ್ನಿರೋದು ಕಲೀರಿ" ಎನ್ನುತ್ತಾರೆ ಮೇಷ್ಟ್ರು. ಅವರ ಪ್ರಕಾರ ಲೇಖಕರಲ್ಲಿ ಎರಡೇ ಬಗೆ: ತಾವು ಬರೆದ ಕೆಟ್ಟದ್ದನ್ನು ಹರಿದುಹಾಕಬಲ್ಲವರು, ಅದನ್ನು ಅಚ್ಚು ಹಾಕಿಸುವವರು. ತಮ್ಮ ಮೊದಲ ಕಾದಂಬರಿಯನ್ನು, ಹೆಂಡತಿ ಬೇಡ ಬೇಡವೆಂದರೂ, ಕೈಯಾರೆ ಹರಿದದ್ದನ್ನು ಪ್ರತಿ ತಂಡಕ್ಕೂ ಹೇಳುತ್ತಾರೆ.

ಅದನ್ನು ಕೇಳಿಸಿಕೊಂಡವರಲ್ಲಿ ಒಬ್ಬ ದೊಡ್ಡ ಸಾಹಿತಿಯಾದ. ಅವನ ಕಾದಂಬರಿ ಬಂತು. ಅದರಲ್ಲಿ ಹಾಸಿಗೆ ಅಂಗಡಿಯ ಮೇಲೆ ಪಾಠ ಹೇಳುವ ಮೇಷ್ಟ್ರು, ಹೊಟ್ಟೆಕಿಚ್ಚಿಗೆ ಅವರ ಹಸ್ತಪ್ರತಿ ಹರಿಯುವ ಹೆಂಡತಿ. ನನ್ನನ್ನೂ ಬಿಟ್ಟಿರಲಿಲ್ಲ: 'ತಲೆಯಲ್ಲೂ ಹತ್ತಿ ತುಂಬಿದ ವ್ಯಾಪಾರಿ'. ನಾನು ಹತ್ತಿ ಬಿಟ್ಟು ಸ್ಪಂಜಿಗೆ ಬಂದು ಯಾವ ಕಾಲವಾಯಿತು, ವಿಚಾರಿಸಬಾರದೆ?

ನಿಜವಾದ ಏಟು ಬಿದ್ದದ್ದು ಮೇಷ್ಟ್ರ ಹೆಂಡತಿಗೆ. ನಾವೆಲ್ಲ ಅಕ್ಕ ಎನ್ನುವ ಅವರು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವರು. "ಮೇಡಂ, ನನ್ ಕವರು ಹರಿದ್ಗಿರಿದೀರಾ!" ಎಂದು ಸಾಲಿನಲ್ಲಿ ನಿಂತವರು ಕಿಸಕ್ಕೆನ್ನತೊಡಗಿದರು. ಜೊತೆಗೆ ಕೆಲಸ ಮಾಡುವವರೂ ನಕ್ಕರು. ಅಕ್ಕ ಮುದ್ರೆ ಒತ್ತುವ ಸದ್ದು ಬೀದಿಗೆ ಕೇಳುತ್ತಿತ್ತು.

"ಪತ್ರಿಕೆಗೆ ಬರೀಲೇನೇ?" ಎಂದರು ಮೇಷ್ಟ್ರು.

"ನೀವು ಬರೆದೂ ಬರೆದೂ ಇಲ್ಲಿಗೆ ಬಂದಿರೋದು. ಅವನನ್ನ ಕರೀರಿ."

ಸನ್ಮಾನವೆಂದು ಸಾಹಿತಿ ಬಂದ. ಅಂಚೆ ಕಚೇರಿಯವರು, ಬೀದಿಯ ಅಂಗಡಿಯವರು ಎಲ್ಲ ಸೇರಿದ್ದರು. ನಾನು ನನ್ನಲ್ಲಿದ್ದ ಅತಿ ಮೆತ್ತನೆಯ ಗಾದಿ ಹಾಸಿ ಅವನನ್ನು ಕೂರಿಸಿದೆ. ಅದರಿಂದ ಸುಲಭಕ್ಕೆ ಏಳಲಾಗದೆಂದೇ ಅದು ಮಾರಾಟವಾಗದೆ ಉಳಿದಿತ್ತು.

"ನಮ್ಮ ನಿಯಮ ನೆನಪಿದೆ ತಾನೆ?" ಎಂದರು ಮೇಷ್ಟ್ರು.

"ಮರೀತೀನಾ ಸರ್! ನಾನು ಲೇಖಕ ಆಗಿದ್ದೇ ಅದ್ರಿಂದ" ಎಂದು ಅವನು ಚಪ್ಪಾಳೆ ಗಿಟ್ಟಿಸಿದ.

ಅಕ್ಕ ಎದ್ದು ಅವನ ಕಾದಂಬರಿಯಲ್ಲಿ ತಮ್ಮ ಕುರಿತ ಅಧ್ಯಾಯ ತೆರೆದರು. ಪಾರ್ಸೆಲ್ಲಿನ ಮೇಲಿನ ವಿಳಾಸ ಓದುವ ದನಿಯಲ್ಲಿ ಓದಿದರು. ಹಸ್ತಪ್ರತಿ ಹರಿಯುವ ಸಾಲು ಬಂದಾಗ ಗಂಡನ ಕಡೆ ತಿರುಗಿದರು.

"ಯಾರ್ರೀ ಹರಿದಿದ್ದು?"

"ನಾನು."

"ಆಗ ನಾನೇನ್ ಮಾಡ್ತಿದ್ದೆ?"

"ನೀನು ನನ್ನ ಕೈ ಹಿಡಿದು ಎಳೀತಿದ್ದೆ. ಅಳ್ತಿದ್ದೆ."

ಮತ್ತೆ ಓದು, ಮತ್ತೆ ಪ್ರಶ್ನೆ. "ಅದು ಬರೀ ಕಲ್ಪನೆ..." ಎಂದು ಸಾಹಿತಿ ಶುರುಮಾಡಿದ. "ಶ್! ಬರೆದವ್ರು ಮಾತಾಡೋ ಹಾಗಿಲ್ಲ" ಎಂದ, ಕೌಂಟರಿನಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕಿದ್ದ ಅಂಚೆಯವನು. ಸಾಹಿತಿ ಎದ್ದುಹೋಗಲು ನೋಡಿದರೆ ಗಾದಿ ಬಿಡಲಿಲ್ಲ. ಅಧ್ಯಾಯ ಉದ್ದವಾಗಿಯೇ ಇತ್ತು, ಅವನೇ ಬರೆದದ್ದಲ್ಲವೆ?

ಮುಗಿದ ಮೇಲೆ ಮೆಟ್ಟಿಲ ಬಳಿ ಅಕ್ಕನಿಗೆ ಕೈಮುಗಿದ. "ಅಮ್ಮಾ, ಮುಂದಿನ ಮುದ್ರಣದಲ್ಲಿ ಆ ಅಧ್ಯಾಯ ತೆಗೆದುಬಿಡ್ತೀನಿ."

"ಬೇಡಪ್ಪಾ, ಹಾಗೇ ಇರ್ಲಿ. ಹೋದೂರಲ್ಲೆಲ್ಲ ಓದ್ಸು. ನಾನು ರಜ ಹಾಕಿ ಬರ್ತೀನಿ."

ಮೇಷ್ಟ್ರು ಅವನ ಮುಂದಿನ ಕಾರ್ಯಕ್ರಮ ಎಲ್ಲಿ ಎಂದು ವಿಚಾರಿಸಿದರು.