ಟೆರಿ ಅಂಕಲ್‌ನ ನೀಲಿ ಜೆರ್ಸಿ

ಇವತ್ತು ಅಲ್ ವುಕೈರ್‌ನ ಮೈದಾನದಲ್ಲಿ ಮಗನ ಮೊಣಕಾಲಿಗೆ ನೋವಿನ ಮುಲಾಮು ಉಜ್ಜುತ್ತಿದ್ದೆ. ಆ ವಾಸನೆಗೆ ನಾನು ಬೆಳೆದ ಎಣ್ಣೆ ಕಂಪನಿಯ ಊರು ದುಖಾನ್ ನೆನಪಾಯಿತು.

ಅಪ್ಪನ ಕಂಪನಿ ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆಯ ಟೆರಿ ಅಂಕಲ್ ಇದೇ ಮುಲಾಮು ಹಚ್ಚಿಕೊಂಡು ನಮಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಇಂಗ್ಲೆಂಡಿನ ಕೆಳಗಿನ ಲೀಗುಗಳಲ್ಲಿ ಒಂಬತ್ತು ಕ್ಲಬ್ ಸುತ್ತಿದವರು. ಒಂಬತ್ತೂ ಜೆರ್ಸಿ ಇಟ್ಟುಕೊಂಡಿದ್ದರು, ಯಾವುದರ ಬೆನ್ನಲ್ಲೂ ಹೆಸರಿರಲಿಲ್ಲ.

“ಹೆಸರು ಹಾಕಿಸುವಷ್ಟು ದಿನ ಯಾರೂ ಇಟ್ಟುಕೊಳ್ಳಲಿಲ್ಲ,” ಎಂದು ನಗುತ್ತಿದ್ದರು.

“ಹೆಸರಿಲ್ಲದೆ ಎಂಥ ಅಂಗಿ, ತೆಕ್ಕೊಂಡು ಬಾ,” ಎಂದು ನನ್ನನ್ನು ಕಳಿಸಿದ ಅಮ್ಮ, ನೀಲಿ ಜೆರ್ಸಿಯ ಬೆನ್ನಿಗೆ ಕನ್ನಡದಲ್ಲಿ ‘ಟೆರಿ’ ಎಂದು ಹೊಲಿದುಕೊಟ್ಟಳು. ಅವಳಿಗೆ ಬರುತ್ತಿದ್ದ ಲಿಪಿ ಅದೊಂದೇ.

ಕೆಲಸ ಖಲಾಸ್ ಆದಾಗ ಅಂಕಲ್ ಉಳಿದ ಎಂಟನ್ನೂ ನಮಗೆ ಹಂಚಿದರು. ನೀಲಿಯದನ್ನು ತೊಟ್ಟುಕೊಂಡೇ ಊರಿಗೆ ಹೋದರು.

ಮಗ ಆಗಲೇ ಆಟಕ್ಕೆ ಓಡಿದ್ದಾನೆ. ನನಗೆ ಕೈ ತೊಳೆಯಲು ಮನಸ್ಸಾಗುತ್ತಿಲ್ಲ.