ಶಲಬಿ ಚಾಚಾರ ಸಿಲಿಂಡರ್

ಕೈರೋದ ನಮ್ಮ ಗಲ್ಲಿಗೆ ಗ್ಯಾಸ್ ತರುವ ಶಲಬಿ ಚಾಚಾ ಕೂಗಿ ಮಾರುವವರಲ್ಲ, ಸೈಕಲ್ಲಿಗೆ ಕಟ್ಟಿದ ಸಿಲಿಂಡರನ್ನು ಸ್ಪ್ಯಾನರಿನಿಂದ ಬಡಿಯುತ್ತಾರೆ. ಎರಡು ಏಟು ಜೋರು, ಒಂದು ಮೆಲ್ಲಗೆ. ಆ ಸದ್ದಿಗೆ ಬೆಕ್ಕುಗಳು ದಾರಿ ಬಿಡುತ್ತವೆ, ತೊಟ್ಟಿಲ ಕೂಸು ಮಾತ್ರ ಏಳುವುದಿಲ್ಲ ಎಂಬುದು ಅವರ ಹೆಮ್ಮೆ. ಯಾವ ಮನೆಯ ಒಲೆ ಯಾವ ವಾರ ಆರುತ್ತದೆಂದು ಮನೆಯವರಿಗಿಂತ ಮೊದಲೇ ಅವರಿಗೆ ಗೊತ್ತಿರುತ್ತಿತ್ತು. ಕಳೆದ ವರ್ಷ ಸರ್ಕಾರ ರಸ್ತೆ ಅಗೆದು ಮನೆಮನೆಗೂ ಗ್ಯಾಸ್ ಕೊಳವೆ ಎಳೆಯಿತು. ಚಾಚಾ ಬರುವುದನ್ನು ಬಿಡಲಿಲ್ಲ. "ಗ್ಯಾಸ್ ಗೋಡೆಯೊಳಗಿಂದಲೇ ಬರ್ತಿದೆ ಚಾಚಾ, ಬಿಸಿಲಲ್ಲಿ ಯಾಕೆ ಸಾಯ್ತೀರಿ?" ಎಂದು ಮೂರನೇ ಮಹಡಿಯ ಇನ್ಶಿರಾಹ್ ಕೆಣಕುತ್ತಾಳೆ. "ಮಗಳ ಮದುವೆ ಎಲ್ಲಿಗೆ ಬಂತು ಅಂತ ನಿನ್ನ ಗೋಡೆ ಕೇಳುತ್ತದೇನಮ್ಮಾ?" ಎನ್ನುತ್ತಾರೆ ಅವರು. ಅವಳು ನಗುತ್ತಾ ಹಗ್ಗದ ಬುಟ್ಟಿಯಲ್ಲಿ ಚಹಾದ ಲೋಟ ಇಳಿಸುತ್ತಾಳೆ. ಉಳಿದ ಕಿಟಕಿಗಳು ಈಗ ತೆರೆಯುವುದಿಲ್ಲ. ಆದರೂ ಒಂದೊಂದರ ಕೆಳಗೂ ನಿಂತು, ಬಡಿದು, ಕತ್ತೆತ್ತಿ ಕಾದು ಮುಂದೆ ಹೋಗುತ್ತಾರೆ. ತುಂಬಿದ ಸಿಲಿಂಡರಿನ ಸದ್ದು ಮಂದ, ಖಾಲಿಯದು ಗಂಟೆಯಂತೆ ಮೊಳಗುತ್ತದೆ. ಎಷ್ಟೋ ತಿಂಗಳಿಂದ ಚಾಚಾರ ಸಿಲಿಂಡರ್ ಗಂಟೆಯಂತೆಯೇ ಮೊಳಗುತ್ತಿದೆ. ಅದು ಇನ್ಶಿರಾಹಳಿಗೂ ಕೇಳಿಸುತ್ತದೆ. ಎಷ್ಟೇ ಕೆಣಕಿದರೂ, "ಒಂದು ಮೇಲಕ್ಕೆ ತನ್ನಿ ಚಾಚಾ" ಎಂದು ಮಾತ್ರ ಅವಳು ತಮಾಷೆಗೂ ಹೇಳುವುದಿಲ್ಲ.